ಜೀವಮಾನದ ಔಷಧಿಗೆ ಒಂದೇ ಸಲದ ಹಣ

ಸಂತೆಬೀದಿಯಲ್ಲಿ ಬೆಲ್ಲ ಬೇಳೆಯ ಅಂಗಡಿ ಇಟ್ಟುಕೊಂಡಿರುವ ಸ್ನೇಹಿತರೊಬ್ಬರು ಹೋದ ತಿಂಗಳು ನಮ್ಮ ಕಚೇರಿಗೆ ಬಂದು ಒಂದು ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟರು. ಚೀಲದ ತುಂಬ ಆಸ್ಪತ್ರೆಯ ಚೀಟಿಗಳು, ಎಕ್ಸ್‌ರೇ ಫಿಲಂಗಳು, ರಕ್ತಪರೀಕ್ಷೆಯ ವರದಿಗಳು. ಬಸ್ಸಿನ ಟಿಕೇಟುಗಳನ್ನೂ ಅವರು ಎಸೆದಿರಲಿಲ್ಲ. "ಮೇಷ್ಟ್ರೇ, ಇಂಥದೇ ಮಗು ಇರೋ ಮನೆಯೋರು ಯಾರಾದರೂ ಸಿಕ್ಕಿದರೆ ಇದನ್ನ ತೋರಿಸಿ. ಎಲ್ಲಿಗೆ ಹೋಗಬೇಕು, ಯಾರನ್ನ ಕೇಳಬೇಕು ಅಂತ ತಿಳ್ಕೊಳ್ಳೋದಕ್ಕೇ ನಮಗೆ ಮೂರು ವರ್ಷ ಹಿಡೀತು" ಎಂದರು. ಅವರ ಮಗ ತೀರಿಕೊಂಡು ವರ್ಷ ತುಂಬಿದೆ. ಆ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದ.

ವಿದ್ಯಾರ್ಥಿಯಾಗಿದ್ದ ಎಂದು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಒಂದನೆಯ ತರಗತಿಗೆ ಬಂದಾಗ ಇಪ್ಪತ್ತರವರೆಗೆ ಎಣಿಸುತ್ತಿದ್ದವನು ಎರಡನೆಯ ತರಗತಿಗೆ ಬರುವ ಹೊತ್ತಿಗೆ ಹತ್ತರಲ್ಲೇ ನಿಲ್ಲುತ್ತಿದ್ದ. ಬಳಪ ಹಿಡಿದರೆ ಜಾರಿಬೀಳುತ್ತಿತ್ತು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮೂಗು ಸದಾ ಸೋರುತ್ತಿತ್ತು. ಉಸಿರಾಡುವ ಸದ್ದು ಹಿಂದಿನ ಸಾಲಿಗೂ ಕೇಳಿಸುತ್ತಿತ್ತು. ದೊಡ್ಡ ತಲೆ, ದಪ್ಪ ತುಟಿ, ಮುಂದಕ್ಕೆ ಬಂದ ಹೊಟ್ಟೆ. ಉಳಿದ ಮಕ್ಕಳು ಅವನಿಗೆ ಇಟ್ಟಿದ್ದ ಅಡ್ಡಹೆಸರನ್ನು ನಾನು ಕೇಳಿಯೂ ಕೇಳದವನಂತೆ ಇದ್ದೆ. ಹೇಳಿದ ಮಾತು ಕೇಳುವುದಿಲ್ಲವೆಂದು ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆ ಮಗುವಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಬೆರಳಿನ ಕೀಲುಗಳು ಬಿಗಿದುಕೊಂಡಿದ್ದವು. ಕಲಿತದ್ದು ಮೆದುಳಿನಿಂದ ಅಳಿಸಿಹೋಗುತ್ತಿತ್ತು. ಇದೆಲ್ಲವೂ ಒಂದೇ ಕಾಯಿಲೆಯ ಕೆಲಸ, ಅದಕ್ಕೆ ಹಂಟರ್ ಕಾಯಿಲೆ ಎಂಬ ಹೆಸರಿದೆ ಎಂದು ಬೆಂಗಳೂರಿನ ವೈದ್ಯರ ಬಾಯಿಂದ ತಿಳಿಯುವ ಹೊತ್ತಿಗೆ ಅವನಿಗೆ ಎಂಟು ವರ್ಷ ಕಳೆದಿತ್ತು.

ಗಿರಣಿಯಲ್ಲಿ ದುಡಿಯುವ ವಾಚಕರಿಗೆ ಈ ಕಾಯಿಲೆಯನ್ನು ವಿವರಿಸುವುದು ಕಷ್ಟವಲ್ಲ. ನೂಲುವ ವಿಭಾಗದಲ್ಲಿ ಯಂತ್ರಗಳು ಓಡುತ್ತಿರುವಷ್ಟು ಹೊತ್ತೂ ಹತ್ತಿಯ ಕಸ ಉದುರುತ್ತಲೇ ಇರುತ್ತದೆ. ಅದನ್ನು ಗುಡಿಸಿ ಸಾಗಿಸುವ ಆಳು ಒಂದು ದಿನ ಬರದಿದ್ದರೆ ಮಾಲೀಕನಿಗೆ ಗೊತ್ತೂ ಆಗುವುದಿಲ್ಲ. ಒಂದು ತಿಂಗಳು ಬರದಿದ್ದರೆ ನಡೆಯುವ ದಾರಿ ಮುಚ್ಚುತ್ತದೆ. ವರ್ಷಗಟ್ಟಲೆ ಬರದಿದ್ದರೆ ಯಂತ್ರಗಳೇ ನಿಲ್ಲುತ್ತವೆ. ನಮ್ಮ ಶರೀರದ ಒಂದೊಂದು ಜೀವಕೋಶವೂ ಇಂಥದೊಂದು ಗಿರಣಿ. ಮೂಳೆ, ಕೀಲು, ಚರ್ಮಗಳನ್ನು ಕಟ್ಟಲು ಶರೀರವು ಅಂಟಂಟಾದ ಉದ್ದನೆಯ ಸಕ್ಕರೆಯ ಸರಪಳಿಗಳನ್ನು ನೇಯುತ್ತದೆ; ಹಳೆಯದಾದುವನ್ನು ತುಂಡರಿಸಿ ಹೊರಹಾಕುತ್ತದೆ. ತುಂಡರಿಸುವ ಕೆಲಸ ಕಿಣ್ವಗಳದ್ದು. ಸರಪಳಿಯ ಒಂದೊಂದು ಕೊಂಡಿಯನ್ನು ಕಳಚುವುದಕ್ಕೂ ಬೇರೆ ಬೇರೆ ಕಿಣ್ವ ಇದೆ. ಇವುಗಳಲ್ಲಿ ಒಂದೇ ಒಂದು ಹುಟ್ಟಿನಿಂದಲೇ ಇಲ್ಲದೆ ಹೋದರೆ ಸಾಕು, ಕಸ ಒಳಗೇ ಕೂಡುತ್ತ ಹೋಗುತ್ತದೆ. ಯಕೃತ್ತಿನಲ್ಲಿ, ಗುಲ್ಮದಲ್ಲಿ, ಹೃದಯದ ಕವಾಟಗಳಲ್ಲಿ, ಬೆನ್ನುಮೂಳೆಯಲ್ಲಿ, ಕೆಲವು ಬಗೆಗಳಲ್ಲಿ ಮೆದುಳಿನಲ್ಲಿಯೂ ತುಂಬಿಕೊಳ್ಳುತ್ತದೆ. ಇಂಥ ಕಾಯಿಲೆಗಳ ಗುಂಪಿಗೆ ವೈದ್ಯರು ಮ್ಯೂಕೋಪಾಲಿಸ್ಯಾಕರಿಡೋಸಿಸ್ ಎನ್ನುತ್ತಾರೆ. ನಾಲಿಗೆ ಹೊರಳದ ಈ ಹೆಸರನ್ನು ವಾಚಕರು ನೆನಪಿಡಬೇಕಾಗಿಲ್ಲ, ವೈದ್ಯರೇ ಎಂ.ಪಿ.ಎಸ್. ಎಂದು ಚಿಕ್ಕದು ಮಾಡಿಕೊಂಡಿದ್ದಾರೆ.

ಕಸ ನಿಧಾನವಾಗಿ ಕೂಡುವುದರಿಂದಲೇ ಮಗು ಹುಟ್ಟಿದಾಗ ಗುಂಡುಗುಂಡಾಗಿ, ಎಲ್ಲರ ಕಣ್ಣಿಗೂ ಹಿತವಾಗಿ ಇರುತ್ತದೆ. ಒಂದು ಎರಡು ವರ್ಷದ ಮೇಲೆ ಬೆಳವಣಿಗೆ ತಡೆಯುತ್ತದೆ. ನಮ್ಮ ಜನ ಇದಕ್ಕೆ ಕೊಡುವ ಕಾರಣ ಒಂದೇ: ದೃಷ್ಟಿ ತಗುಲಿತು. ಬೆಲ್ಲದ ಅಂಗಡಿಯ ಮನೆಯಲ್ಲಿ ಅದಕ್ಕಿಂತ ಕ್ರೂರವಾದ ಇನ್ನೊಂದು ಕಾರಣವನ್ನೂ ಹುಡುಕಿದರು. ಹುಡುಗನ ತಾಯಿಯ ತಮ್ಮನೊಬ್ಬ ಚಿಕ್ಕಂದಿನಲ್ಲಿ ಹೀಗೆಯೇ ಇದ್ದು ತೀರಿಕೊಂಡಿದ್ದನಂತೆ. ತವರಿನಿಂದ ಶಾಪ ಹೊತ್ತು ತಂದವಳು ಎಂದು ಆಕೆಯನ್ನು ಅತ್ತೆಯ ಮನೆಯವರು ಆರು ವರ್ಷ ಆಡಿಕೊಂಡರು.

ವಿಜ್ಞಾನ ಹೇಳುವುದನ್ನು ಆ ಮನೆಯವರಿಗೆ ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ! ಹಂಟರ್ ಕಾಯಿಲೆಯ ದೋಷ ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಗುವಿಗೆ ಬರುವುದು ನಿಜ. ಆದರೆ ತಾಯಿ ಅದನ್ನು ಹೊತ್ತಿರುವುದು ಆಕೆಗೇ ತಿಳಿದಿರುವುದಿಲ್ಲ. ಆಕೆ ಆರೋಗ್ಯವಾಗಿಯೇ ಇರುತ್ತಾಳೆ. ಕೆಲವು ಸಲ ತಾಯಿಯಲ್ಲೂ ಇಲ್ಲದ ದೋಷ ಮಗುವಿನಲ್ಲಿ ಹೊಸದಾಗಿ ಹುಟ್ಟುವುದೂ ಉಂಟು. ಹರ್ಲರ್, ಮೊರ್ಕಿಯೊ, ಸ್ಯಾನ್‌ಫಿಲಿಪ್ಪೊ ಮುಂತಾದ ಉಳಿದ ಬಗೆಗಳಲ್ಲಿ ತಂದೆ ತಾಯಿ ಇಬ್ಬರೂ ಸಮಪಾಲು. ಇಬ್ಬರಲ್ಲಿಯೂ ಒಂದೊಂದು ದೋಷದ ವಂಶವಾಹಿ ಇದ್ದು, ಎರಡೂ ಒಂದೇ ಮಗುವಿಗೆ ಬಂದರೆ ಮಾತ್ರ ಕಾಯಿಲೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಬಾಣಂತನದಲ್ಲಿ ತಿಂದದ್ದು, ಗ್ರಹಣದಲ್ಲಿ ಹೊರಗೆ ಹೋದದ್ದು, ಹಿಂದಿನ ಜನ್ಮದ ಪಾಪ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಸಂಬಂಧದೊಳಗಿನ ಮದುವೆಯ ಮಾತು. ಅಕ್ಕನ ಮಗಳನ್ನು ತರುವುದು, ಸೋದರಮಾವನ ಮಗಳನ್ನು ತರುವುದು ನಮ್ಮಲ್ಲಿ ಬೇರು ಬಿಟ್ಟ ಪದ್ಧತಿ. ಒಂದೇ ಮನೆತನದವರಲ್ಲಿ ಒಂದೇ ದೋಷ ಇರುವ ಸಂಭವ ಹೆಚ್ಚಾದ್ದರಿಂದ, ತಂದೆ ತಾಯಿ ಇಬ್ಬರಿಂದಲೂ ಬರುವ ಕಾಯಿಲೆಗಳು ಇಂಥ ಮದುವೆಗಳಲ್ಲಿ ಹೆಚ್ಚು. ಕರ್ನಾಟಕದಲ್ಲಿ 1980ರಿಂದ 1989ರವರೆಗಿನ ಒಂದು ಲಕ್ಷಕ್ಕೂ ಮೇಲ್ಪಟ್ಟ ಮದುವೆಗಳ ಲೆಕ್ಕ ತೆಗೆದಾಗ ನೂರಕ್ಕೆ ಸುಮಾರು 31 ರಕ್ತಸಂಬಂಧದೊಳಗೆ ಆದವು ಎಂದು ಕಂಡುಬಂತು. ಆಸ್ತಿ ಹೊರಗೆ ಹೋಗಬಾರದು, ವರದಕ್ಷಿಣೆ ಕೊಡಲಾಗದು, ಗೊತ್ತಿರುವ ಮನೆಗೆ ಹೆಣ್ಣು ಹೋದರೆ ಸುಖವಾಗಿರುತ್ತಾಳೆ ಎಂಬ ಬಡವರ ಲೆಕ್ಕಾಚಾರವೂ ಅದರ ಹಿಂದೆ ಇದೆ; ಆದ್ದರಿಂದ ಬೈದು ಬಿಡಿಸುವಂಥದಲ್ಲ. ಸಂಬಂಧದೊಳಗೆ ಆದ ಬಹುಪಾಲು ಮದುವೆಗಳಲ್ಲಿ ಆರೋಗ್ಯದ ಮಕ್ಕಳೇ ಹುಟ್ಟುತ್ತಾರೆ, ಹೊರಗೆ ಮದುವೆಯಾದವರ ಮನೆಯಲ್ಲೂ ಈ ಕಾಯಿಲೆ ಬರುತ್ತದೆ. ಆದರೆ ಮನೆತನದಲ್ಲಿ ಒಂದು ಮಗು ಹೀಗೆ ಆಗಿದ್ದರೆ, ಮುಂದಿನ ಲಗ್ನಪತ್ರಿಕೆ ಬರೆಸುವ ಮುನ್ನ ಜೋಯಿಸರನ್ನು ಕೇಳುವುದಕ್ಕಿಂತ ವಂಶವಾಹಿ ಪರೀಕ್ಷೆ ಮಾಡುವವರನ್ನು ಕೇಳುವುದು ಮೇಲು.

ಮೇಲೆ ಹೇಳಿದ ಲೆಕ್ಕ ತೆಗೆದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎನ್. ಅಪ್ಪಾಜಿರಾವ್ ಒಬ್ಬರು. ಅವರು ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. 1980ರ ದಶಕದಲ್ಲಿ ಅವರೂ ಅವರ ಸಂಗಡಿಗರೂ ಆಗತಾನೆ ಹುಟ್ಟಿದ ಶಿಶುಗಳ ರಕ್ತದ ಹನಿಗಳನ್ನು ತೆಗೆದು, ಶರೀರದ ರಸಾಯನ ಕೆಟ್ಟಿರುವ ಮಕ್ಕಳನ್ನು ಕಾಯಿಲೆ ತಲೆದೋರುವ ಮೊದಲೇ ಹುಡುಕಿದರು. ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಹೀಗೆ ಪರೀಕ್ಷಿಸಿದರು. ಅವರು ನೋಡಿದ್ದು ಎಂ.ಪಿ.ಎಸ್. ಅಲ್ಲ, ಪ್ರೋಟೀನು ಅರಗುವ ದಾರಿಯಲ್ಲಿನ ದೋಷಗಳನ್ನು. ಅವುಗಳಲ್ಲಿ ಫಿನೈಲ್‌ಕೀಟೋನೂರಿಯ ಎಂಬುದೊಂದು. ಮೊದಲ ವಾರಗಳಲ್ಲೇ ಗೊತ್ತಾದರೆ ಪಥ್ಯದ ಆಹಾರದಿಂದ ಮಗುವಿನ ಬುದ್ಧಿ ಉಳಿಯುತ್ತದೆ, ತಡವಾದರೆ ಹೋದ ಬುದ್ಧಿ ಬಾರದು. ಹುಟ್ಟಿನಿಂದಲೇ ಥೈರಾಯಿಡ್ ಗ್ರಂಥಿ ಕೆಲಸ ಮಾಡದ ಮಗುವಿನದೂ ಇದೇ ಕಥೆ. ಮೆದುಳೂ ಮೂಳೆಯೂ ಎರಡೂ ಬೆಳೆಯದೆ ನಿಲ್ಲುತ್ತವೆ. ಆದರೆ ಅದಕ್ಕೆ ಬೇಕಾದ್ದು ದಿನಕ್ಕೊಂದು ಅಗ್ಗದ ಮಾತ್ರೆ! ಹಿಮ್ಮಡಿಯಿಂದ ತೆಗೆದ ಹನಿ ರಕ್ತ ಹೇಳುವ ಈ ಸುದ್ದಿ, ನಾಲ್ಕು ದಶಕಗಳ ಹಿಂದೆ ನಮ್ಮ ರಾಜ್ಯದಲ್ಲೇ ಮಾಡಿ ತೋರಿಸಿದ ಈ ಕೆಲಸ, ಇಂದು ಶ್ರೀಮಂತರ ಹೆರಿಗೆ ಆಸ್ಪತ್ರೆಗಳಲ್ಲಿ ಬಿಲ್ಲಿನ ಒಂದು ಬಾಬತ್ತಾಗಿ ಮಾರಾಟವಾಗುತ್ತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆತ್ತ ಕೂಲಿಯ ಹೆಣ್ಣುಮಗಳಿಗೆ ಇಂಥದೊಂದು ಪರೀಕ್ಷೆ ಇದೆ ಎಂಬುದನ್ನೇ ಯಾರೂ ಹೇಳುವುದಿಲ್ಲ.

ಪಿತ್ರಾರ್ಜಿತವಾಗಿ ಬರುವ ಮೂಳೆಯ ಕಾಯಿಲೆ ಕರ್ನಾಟಕಕ್ಕೆ ಹೊಸದೇನೂ ಅಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಪತ್ರಿಕೆಗಳಲ್ಲಿ ಬಂದದ್ದನ್ನು ಹಿರಿಯ ವಾಚಕರು ನೆನೆಯಬಹುದು. ಅಲ್ಲಿನ ಚನ್ನಂಗಿ ಮತ್ತು ಛಲವಾದಿ ಜನರಲ್ಲಿ ಸೊಂಟ, ಮಂಡಿಗಳ ಕೀಲು ಸವೆದು ನಡೆಯಲಾಗದೆ ಕುಳಿತವರು ಎಷ್ಟೋ ಮಂದಿ. ಕೀಟನಾಶಕ ಬೆರೆತ ಗದ್ದೆಯ ಏಡಿಯನ್ನು ತಿಂದದ್ದರಿಂದ ಹೀಗಾಯಿತೆಂದು ಮೊದಲು ಶಂಕಿಸಿದರು. ಆಮೇಲೆ ಅದು ವಂಶದಲ್ಲಿ ಇಳಿದುಬರುವ ಕಾಯಿಲೆ ಎಂದು ತಿಳಿಯಿತು. ಅದು ಕಿಣ್ವದ ಕೊರತೆಯ ಕಾಯಿಲೆಯಲ್ಲ, ಮೆದುಳಿಗೂ ತಗುಲುವುದಿಲ್ಲ. ಆದರೂ ಇಲ್ಲಿ ಅದನ್ನು ನೆನೆಸಿದ್ದಕ್ಕೆ ಕಾರಣವಿದೆ. ತಜ್ಞರು ಬಂದರು, ರಕ್ತ ತೆಗೆದುಕೊಂಡು ಹೋದರು, ಪ್ರಬಂಧಗಳು ಪ್ರಕಟವಾದವು. ಗದ್ದೆಗೆ ಇಳಿಯಲಾಗದ ಕೂಲಿಯವನು ಮಾತ್ರ ಊರುಗೋಲು ಹಿಡಿದು ಜಗಲಿಯ ಮೇಲೆ ಉಳಿದ. ರೋಗವನ್ನು ಕಂಡುಹಿಡಿಯುವುದು ಬೇರೆ, ರೋಗಿಯನ್ನು ಕೈಹಿಡಿಯುವುದು ಬೇರೆ.

ಕೈಹಿಡಿಯುವ ಕೆಲಸ ನಮ್ಮ ರಾಜ್ಯದಲ್ಲಿ ನಡೆದದ್ದು ಎಲ್ಲಿ ಎಂದು ಕೇಳಿದರೆ ದಕ್ಷಿಣ ಬೆಂಗಳೂರಿಗೆ ಹೋಗಬೇಕು. ಜಯನಗರದ ಪಕ್ಕದಲ್ಲಿ, ನಿಮ್ಹಾನ್ಸ್, ಕಿದ್ವಾಯಿ, ಸಂಜಯಗಾಂಧಿ ಆಸ್ಪತ್ರೆಗಳು ಒತ್ತಾಗಿ ನಿಂತಿರುವ ಜಾಗದಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಒಂದು ಕಡೆ ಜಯನಗರದ ಅಗಲವಾದ ಸಾಲುಮರದ ರಸ್ತೆಗಳು. ಇನ್ನೊಂದು ಕಡೆ ಬಿ.ಟಿ.ಎಂ. ಬಡಾವಣೆ, ಆ ಮೂರು ಇಂಗ್ಲಿಷ್ ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಎಂಬುದನ್ನು ಈಗ ಅಲ್ಲಿ ಬಾಡಿಗೆಗಿರುವವರಲ್ಲಿ ಎಷ್ಟು ಜನ ಬಲ್ಲರೋ! ಅದರಾಚೆ ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿಯವರೆಗೆ ಸಿದ್ಧಉಡುಪಿನ ಕಾರ್ಖಾನೆಗಳು. ರಾಜ್ಯದ ಮೂಲೆಮೂಲೆಗಳಿಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬರುವ ತಂದೆ ತಾಯಿಗಳು ಮೆಜೆಸ್ಟಿಕ್‌ನಲ್ಲಿ ಇಳಿದು, ದಾರಿ ಕೇಳುತ್ತ ಇಲ್ಲಿಗೆ ಬರುತ್ತಾರೆ.

ಇಂಥ ಕಾಯಿಲೆಗಳ ಮಕ್ಕಳ ಪೋಷಕರ ಸಂಘ ಹೈಕೋರ್ಟಿನ ಮೆಟ್ಟಿಲು ಹತ್ತಿದ ಫಲವಾಗಿ, 2016ರಿಂದ ಈ ಸಂಸ್ಥೆಯಲ್ಲಿ ಸರ್ಕಾರದ ಖರ್ಚಿನಲ್ಲಿ ಕೆಲವು ಮಕ್ಕಳಿಗೆ ಕಿಣ್ವವನ್ನು ನರದ ಮೂಲಕ ಕೊಡಲು ಪ್ರಾರಂಭವಾಯಿತು. ರಾಜ್ಯ ಸರ್ಕಾರವೊಂದು ಇಂಥ ಹೊಣೆಯನ್ನು ಹೊತ್ತದ್ದರಲ್ಲಿ ಕರ್ನಾಟಕ ಮುಂದಿನ ಸಾಲಿನದು. 2021ರಲ್ಲಿ ಕೇಂದ್ರ ಸರ್ಕಾರ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಹೊರಡಿಸಿದಾಗ ಮೊದಲು ಹೆಸರಿಸಿದ ಎಂಟು ಕೇಂದ್ರಗಳಲ್ಲಿ, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದೊಡನೆ ಜೋಡಿಯಾಗಿ ಈ ಮಕ್ಕಳ ಆಸ್ಪತ್ರೆಯೂ ಸೇರಿತು. ಒಳ್ಳೆಯದನ್ನು ಒಳ್ಳೆಯದೆಂದು ಹೇಳಲು ನಮಗೆ ಸಂಕೋಚವಿಲ್ಲ.

ಆದರೆ ಲೆಕ್ಕ ಏನಾಯಿತು ನೋಡಿ. ಕಿಣ್ವ ಶರೀರದಲ್ಲಿ ಉಳಿಯುವ ವಸ್ತುವಲ್ಲ. ಎಂ.ಪಿ.ಎಸ್. ಮಗುವಿಗೆ ವಾರಕ್ಕೊಮ್ಮೆ, ಗೋಷೆ ಎಂಬ ಅದೇ ಜಾತಿಯ ಇನ್ನೊಂದು ಕಾಯಿಲೆಯ ಮಗುವಿಗೆ ಎರಡು ವಾರಕ್ಕೊಮ್ಮೆ, ಗಂಟೆಗಟ್ಟಲೆ ಹನಿಹನಿಯಾಗಿ ಕೊಡಬೇಕು, ಬದುಕಿರುವವರೆಗೂ ಕೊಡಬೇಕು. ಎಷ್ಟು ಕೊಡಬೇಕೆಂಬುದು ಮಗುವಿನ ತೂಕದ ಮೇಲೆ. ಕೇಂದ್ರದ ನೀತಿಯ ಕಾಗದವೇ ಒಪ್ಪಿಕೊಂಡಿರುವಂತೆ, ಕೆಲವು ವಿರಳ ರೋಗಗಳಿಗೆ 10 ಕೆ.ಜಿ. ತೂಕದ ಮಗುವಿಗೇ ವರ್ಷಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿಗೂ ಮಿಕ್ಕಿ ಬೀಳುತ್ತದೆ; ತೂಕ ಏರಿದಂತೆ ಖರ್ಚೂ ಏರುತ್ತದೆ. ಮಗು ಒಂದು ಕೆ.ಜಿ. ಹೆಚ್ಚಾಯಿತೆಂದರೆ ಹೆತ್ತವರು ಸಂತೋಷಪಡುವುದು ಲೋಕರೂಢಿ. ಇಲ್ಲಿ ತೂಕದ ಯಂತ್ರದ ಮುಳ್ಳು ಮೇಲೇರಿದರೆ ತಂದೆಯ ಎದೆ ಧಸಕ್ಕೆನ್ನುತ್ತದೆ!

ಇಂಥ ಔಷಧಿಗೆ ನೀತಿಯು ಗೊತ್ತುಮಾಡಿದ ಹಣವೆಷ್ಟು? 2022ರ ಮೇ ತಿಂಗಳ ತಿದ್ದುಪಡಿಯಂತೆ ಒಬ್ಬ ರೋಗಿಗೆ ಹೆಚ್ಚೆಂದರೆ 50 ಲಕ್ಷ. ವರ್ಷಕ್ಕಲ್ಲ, ಒಟ್ಟಿಗೆ! ದೂರದಿಂದ ಕೇಳಿದರೆ ದೊಡ್ಡ ಮೊತ್ತ. ವರ್ಷಕ್ಕೆ 10 ಲಕ್ಷದ ಮಗುವಿಗೆ ಅದು ಐದು ವರ್ಷ; ಕೋಟಿಯ ಮಗುವಿಗೆ ಆರು ತಿಂಗಳು. ಆಮೇಲೆ? ಹೊಟ್ಟೆ ಇಳಿದು, ಉಸಿರು ಸರಾಗವಾಗಿ, ನಾಲ್ಕು ಹೆಜ್ಜೆ ಓಡಾಡಲು ಕಲಿತ ಮಗುವಿಗೆ ಔಷಧಿ ನಿಲ್ಲಿಸಿದರೆ ಕಸ ಮತ್ತೆ ಕೂಡುತ್ತದೆ. ನದಿಯ ಮಧ್ಯದವರೆಗೆ ದೋಣಿಯಲ್ಲಿ ಕರೆದೊಯ್ದು, ಟಿಕೇಟಿನ ಹಣ ಮುಗಿಯಿತು ಇಳಿ ಎಂದಂತಾಯಿತು. 2024ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟು ಇದಕ್ಕಾಗಿ ರಾಷ್ಟ್ರೀಯ ನಿಧಿಯೊಂದು ಆಗಬೇಕು, ಎರಡು ವರ್ಷಕ್ಕೆ 974 ಕೋಟಿ ರೂಪಾಯಿ ಕೊಡಬೇಕು ಎಂದು ಹೇಳಿತು; ಕೇಂದ್ರ ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2014ರಲ್ಲಿ ಅದೇ ದೆಹಲಿಯಲ್ಲಿ ರಿಕ್ಷಾ ಎಳೆಯುವ ಬಡವನೊಬ್ಬನ ಗೋಷೆ ಕಾಯಿಲೆಯ ಮಗನಿಗೆ ಸರ್ಕಾರದ ಖರ್ಚಿನಲ್ಲಿ ಔಷಧಿ ಕೊಡಬೇಕೆಂದು ತೀರ್ಪಾಗಿತ್ತು. ಹತ್ತು ವರ್ಷದ ಮೇಲೂ ಬಡವನ ಮಗು ಬದುಕಬೇಕಾದರೆ ವಕೀಲರು ಬೇಕು.

ಇಲ್ಲಿ ಒಬ್ಬ ಗಿರಣಿ ಮಿತ್ರರು ನನ್ನನ್ನು ತಡೆದು ಕೇಳಿದರು: "ಒಂದು ಮಗುವಿಗೆ ಕೋಟಿ ಸುರಿಯೋ ಬದಲು ಅದೇ ದುಡ್ಡಲ್ಲಿ ಸಾವಿರ ಮಕ್ಕಳಿಗೆ ಹಾಲು ಕೊಡಬಹುದಲ್ಲವಾ?" ಈ ಪ್ರಶ್ನೆ ಕೇಳುವವರು ಕಟುಕರಲ್ಲ; ಅರೆಹೊಟ್ಟೆಯ ಮಕ್ಕಳನ್ನು ಮನೆಯಲ್ಲೇ ಕಂಡವರು. ಆದರೆ ಆ ಕೋಟಿ ಎಂಬ ಬೆಲೆಯನ್ನು ಬರೆದವರು ಯಾರು? ಅದನ್ನು ಬ್ರಹ್ಮಲಿಪಿ ಎಂದು ಒಪ್ಪಿಕೊಂಡು ಹಾಲು ಬೇಕೋ ಔಷಧಿ ಬೇಕೋ ಎಂದು ಬಡವರು ಬಡವರೇ ಜಗಳವಾಡುವ ಮುನ್ನ ಔಷಧಿಯ ಹುಟ್ಟನ್ನು ಸ್ವಲ್ಪ ನೋಡಬೇಕು.

1968ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧನಾಲಯದಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹರ್ಲರ್ ರೋಗಿಯ ಚರ್ಮದ ಜೀವಕೋಶಗಳನ್ನೂ ಹಂಟರ್ ರೋಗಿಯ ಜೀವಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಿದರು. ಸೋಜಿಗವೆಂದರೆ ಎರಡೂ ಸರಿಹೋದವು! ಇವನಲ್ಲಿ ಇಲ್ಲದ್ದು ಅವನಲ್ಲಿತ್ತು, ಅವನಲ್ಲಿ ಇಲ್ಲದ್ದು ಇವನಲ್ಲಿತ್ತು. ಒಂದು ಹೊರಗೆ ಬಿಟ್ಟದ್ದನ್ನು ಇನ್ನೊಂದು ಹೀರಿಕೊಂಡು ತನ್ನ ಕಸ ಕಳೆದುಕೊಂಡಿತು. ಇಬ್ಬರು ದಿವಾಳಿಗಳು ಕೂಡಿ ಬಾಳಿದರೆ ಇಬ್ಬರ ಸಾಲವೂ ತೀರುತ್ತದೆಂಬ ಸಹಕಾರ ತತ್ವವನ್ನು ಜೀವಕೋಶಗಳು ನಮಗಿಂತ ಮೊದಲೇ ಬಲ್ಲವು. ಹೊರಗಿನಿಂದ ಕಿಣ್ವ ಕೊಟ್ಟರೆ ಜೀವಕೋಶ ಅದನ್ನು ಸ್ವೀಕರಿಸುತ್ತದೆಂಬ ತಿಳಿವಳಿಕೆ ಹೀಗೆ ಜನರ ತೆರಿಗೆಯ ಹಣದಿಂದ ಬಂತು. ಗೋಷೆ ಕಾಯಿಲೆಯ ಮೇಲೆ ರಾಸ್ಕೋ ಬ್ರಾಡಿ ದಶಕಗಳ ಕಾಲ ದುಡಿದದ್ದೂ ಅಲ್ಲಿಯೇ. 1991ರಲ್ಲಿ ಜೆನ್ಜೈಮ್ ಕಂಪನಿ ಮಾರಾಟಕ್ಕೆ ತಂದ ಮೊದಲ ಕಿಣ್ವದ ಔಷಧಿಯನ್ನು ತೆಗೆದದ್ದು ಹೆರಿಗೆಯಾದ ಮೇಲೆ ಎಸೆಯುವ ಮಾಸಿನಿಂದ. ಆಮೇಲೆ ಜೀವಕೋಶಗಳಲ್ಲಿ ಬೆಳೆಸುವ ವಿಧಾನ ಬಂತು. ಹರ್ಲರ್ ಕಾಯಿಲೆಯ ಔಷಧಿ 2003ರಲ್ಲಿ, ಹಂಟರ್ ಕಾಯಿಲೆಯದು 2006ರಲ್ಲಿ. ರೋಗಿಗಳು ಕಡಮೆ ಎಂಬ ಕಾರಣಕ್ಕೆ ಇಂಥ ಔಷಧಿಗಳಿಗೆ ಅಮೆರಿಕದ 1983ರ ಕಾನೂನು ಏಳು ವರ್ಷದ ಏಕಸ್ವಾಮ್ಯವನ್ನೂ ತೆರಿಗೆಯ ರಿಯಾಯಿತಿಯನ್ನೂ ಕೊಡುತ್ತದೆ. ಕಾನೂನಿನ ಉದ್ದೇಶ ಒಳ್ಳೆಯದೇ. ಅದಿಲ್ಲದಿದ್ದರೆ ಎಷ್ಟೋ ಔಷಧಿಗಳು ಬರುತ್ತಲೇ ಇರಲಿಲ್ಲ. ಆದರೆ ಏಕಸ್ವಾಮ್ಯ ಎಂದರೆ ಬೆಲೆಯ ಲಗಾಮು ಒಬ್ಬನ ಕೈಯಲ್ಲಿ ಎಂದೇ ಅರ್ಥ. ಸಂತೆಯಲ್ಲಿ ಒಂದೇ ಅಂಗಡಿ ಇದ್ದರೆ ಬೇಳೆಯ ಬೆಲೆ ಏನಾಗುತ್ತದೆಂಬುದನ್ನು ವ್ಯಾಪಾರಿ ಮಿತ್ರರಿಗೆ ನಾನು ಹೇಳಿಕೊಡಬೇಕೆ?

ಆದ್ದರಿಂದ ಗಿರಣಿ ಮಿತ್ರರಿಗೆ ನನ್ನ ಉತ್ತರ ಇಷ್ಟು: ಹಾಲೂ ಬೇಕು, ಔಷಧಿಯೂ ಬೇಕು, ಬೆಲೆಯ ಮೇಲೆ ಜಗಳವೂ ಬೇಕು. ಒಂದೊಂದು ಆಸ್ಪತ್ರೆ ಒಂದೊಂದು ಮಗುವಿಗಾಗಿ ಕಂಪನಿಯ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟು, ಇಡೀ ದೇಶದ ಮಕ್ಕಳ ಪರವಾಗಿ ಸರ್ಕಾರ ಒಟ್ಟಿಗೆ ಚೌಕಾಸಿ ಮಾಡಲಿ. ಜೀವಕೋಶಗಳಲ್ಲಿ ಪ್ರೋಟೀನು ಬೆಳೆಸಿ ಔಷಧಿ ತಯಾರಿಸುವ ಕಾರ್ಖಾನೆಗಳು ಬೆಂಗಳೂರಿನಲ್ಲಿಯೇ ಇವೆ. ಈ ಕಿಣ್ವಗಳನ್ನೂ ಇಲ್ಲಿಯೇ ತಯಾರಿಸುವ ಹೊಣೆಯನ್ನು ಸರ್ಕಾರ ಹೊರಲಿ, ಹೊರಿಸಲಿ.

ಔಷಧಿಯಿಂದ ಎಲ್ಲವೂ ಆಗುತ್ತದೆಂದು ಹೇಳಿ ವಾಚಕರಿಗೆ ಮೋಸ ಮಾಡಲಾರೆ. ನರಕ್ಕೆ ಕೊಟ್ಟ ಕಿಣ್ವ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಯಕೃತ್ತು, ಗುಲ್ಮ, ಉಸಿರಾಟ, ಕೀಲುಗಳಿಗೆ ಉಪಕಾರವಾಗುತ್ತದೆ. ಬುದ್ಧಿಗೆ ಆಗುವುದಿಲ್ಲ, ಕೆಟ್ಟುಹೋದ ಮೂಳೆ ಮತ್ತೆ ನೆಟ್ಟಗಾಗುವುದೂ ಅಪರೂಪ. ಹರ್ಲರ್ ಕಾಯಿಲೆಯ ಮಗುವಿಗೆ ಎರಡು ಎರಡೂವರೆ ವರ್ಷದೊಳಗೆ ಅಸ್ಥಿಮಜ್ಜೆಯ ಕಸಿ ಮಾಡಿದರೆ ಬುದ್ಧಿಯನ್ನು ಬಹುಮಟ್ಟಿಗೆ ಉಳಿಸಬಹುದು. ಬೆಲ್ಲದ ಅಂಗಡಿಯ ಹುಡುಗನಿಗೆ ಮೆದುಳಿಗೂ ಹತ್ತಿದ ಬಗೆಯ ಹಂಟರ್ ಇತ್ತು. ನಾವು ಮೂರು ವರ್ಷ ಕಿವಿಗೆ ಹನಿ ಹಾಕಿಸಿಕೊಂಡು, ತಾಯಿತ ಕಟ್ಟಿಸಿಕೊಂಡು, ಬೆಂಚಿನ ಮೇಲೆ ನಿಲ್ಲಿಸಿ ಕಳೆದೆವು. ಬೆಂಗಳೂರಿನ ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆ ಕೇಳಿದ್ದು ಒಂದೇ ಮಾತು: "ಹಾಗಾದರೆ ಇದು ನನ್ನ ತಪ್ಪಲ್ಲವಾ ಸಾರ್?" ಅಲ್ಲ ಎಂದು ಅವರು ಹೇಳಿದಾಗ ಆಕೆ ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟರು.

ಅಂದು ಅದೇ ಪಡಸಾಲೆಯಲ್ಲಿ ಸಿದ್ಧಉಡುಪಿನ ಕಾರ್ಖಾನೆಯ ಕಾರ್ಮಿಕರೊಬ್ಬರ ಪರಿಚಯವಾಯಿತು. ಅವರ ಮಗಳಿಗೆ ಗೋಷೆ ಕಾಯಿಲೆ. ಹೊಟ್ಟೆ ಉಬ್ಬಿ, ಮೂಳೆಗಳ ನೋವಿನಿಂದ ರಾತ್ರಿಯೆಲ್ಲ ಅಳುತ್ತಿದ್ದವಳು ಔಷಧಿಯಿಂದ ಶಾಲೆಗೆ ಹೋಗುವಂತಾಗಿದ್ದಳು. ಔಷಧಿ ಬರುತ್ತಿದ್ದುದು ತಾಯಿಯ ಇ.ಎಸ್.ಐ. ಕಾರ್ಡಿನ ಮೇಲೆ. ಕಾರ್ಮಿಕರ ಚಂದಾದಿಂದ ನಡೆಯುವ ಈ ಯೋಜನೆ ಲಕ್ಷಗಟ್ಟಲೆ ಬೆಲೆಯ ಔಷಧಿಯನ್ನು ಕಾರ್ಮಿಕರ ಮಗುವಿಗೆ ತಲುಪಿಸುತ್ತದೆಂದರೆ, ದುಡಿಯುವ ಜನ ಕೂಡಿ ಹಾಕಿದ ಕಾಸಿನ ಶಕ್ತಿ ಎಷ್ಟೆಂಬುದನ್ನು ತಿಳಿಯಬಹುದು. ಆದರೆ ಆ ತಾಯಿಗೆ ಸೂಪರ್‌ವೈಸರ್ ಕೆಲಸ ಕೊಡುತ್ತೇವೆಂದು ಕಾರ್ಖಾನೆಯವರು ಹೇಳಿದ್ದರು, ಆಕೆ ಬೇಡವೆಂದಿದ್ದರು. ಏಕೆ? ಇ.ಎಸ್.ಐ.ಗೆ 2017ರ ಜನವರಿಯಲ್ಲಿ ಗೊತ್ತುಮಾಡಿದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಸಂಬಳ ಅದನ್ನು ದಾಟಿದರೆ ಚಂದಾ ಅವಧಿಯ ಕೊನೆಯವರೆಗೆ ಮಾತ್ರ ರಕ್ಷಣೆ, ಆಮೇಲೆ ಕಾರ್ಡು ಹೋಗುತ್ತದೆ. ಬಡ್ತಿಯಿಂದ ಬರುವ ನಾಲ್ಕೈದು ಸಾವಿರಕ್ಕಾಗಿ ಮಗಳ ಔಷಧಿಯನ್ನು ಯಾವ ತಾಯಿ ಬಿಟ್ಟಾಳು? ಕಾರ್ಖಾನೆಯೇ ಮುಚ್ಚಿದರೆ ಏನು ಗತಿ ಎಂಬುದನ್ನು ಬಿನ್ನಿ, ಮಿನರ್ವ ಗಿರಣಿಗಳ ಬಾಗಿಲು ಮುಚ್ಚಿದ್ದನ್ನು ಕಂಡ ಊರಿನ ಜನಕ್ಕೆ ಹೇಳಬೇಕಾಗಿಲ್ಲ.

ನನ್ನ ಪಕ್ಕದಲ್ಲಿ ಕುಳಿತು ಇದನ್ನು ಕೇಳುತ್ತಿದ್ದ ಬೆಲ್ಲದ ಅಂಗಡಿಯವರಿಗೆ ಆ ಕಾರ್ಡೂ ಇಲ್ಲ. ಸಣ್ಣ ವ್ಯಾಪಾರಿಯನ್ನು ಸರ್ಕಾರ ತೆರಿಗೆಯ ಪುಸ್ತಕದಲ್ಲಿ ಧಣಿ ಎಂದು ಬರೆದುಕೊಳ್ಳುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಅವನು ಯಾರೂ ಅಲ್ಲ. ಸಂಬಳ 21,000 ದಾಟಿದರೆ ಮಗುವಿನ ಕಾಯಿಲೆ ವಾಸಿಯಾಗುತ್ತದೆಯೇ? ಈ ಔಷಧಿ ಬೇಕಾದ ಮಗುವಿಗೆ ತಂದೆಯ ಸಂಬಳ, ತಾಯಿಯ ಕಾರ್ಡು, ಐವತ್ತು ಲಕ್ಷದ ಗೆರೆ ಯಾವುದನ್ನೂ ನೋಡದೆ, ಉಪಕಾರವಾಗುತ್ತಿದೆ ಎಂದು ವೈದ್ಯರು ಹೇಳುವವರೆಗೂ ಕೊಡುತ್ತ ಹೋಗಬೇಕು. ಅದಕ್ಕೆ ಪ್ರತಿವರ್ಷದ ಆಯವ್ಯಯದಲ್ಲಿ ತಪ್ಪದ ಬಾಬತ್ತು ಇರಬೇಕು. ಹಾಗೆಯೇ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿಯೊಂದು ಶಿಶುವಿಗೂ ಆ ಹನಿ ರಕ್ತದ ಪರೀಕ್ಷೆ ಆಗಬೇಕು.

ನನ್ನ ಹಳೆಯ ಸಹೋದ್ಯೋಗಿಗಳಾದ ಮೇಷ್ಟರುಗಳಿಗೂ ಅಂಗನವಾಡಿಯ ಅಕ್ಕಂದಿರಿಗೂ ಒಂದು ಮಾತು. ಸದಾ ನೆಗಡಿ, ಕಿವಿ ಸೋರುವುದು, ಗೊರಗೊರ ಉಸಿರು, ಹೊಕ್ಕುಳ ಅಥವಾ ತೊಡೆಸಂದಿಯ ಅಂಡವಾಯು, ದೊಡ್ಡ ತಲೆ, ಬಿಗಿದ ಬೆರಳು, ಬೆನ್ನಿನ ಕೆಳಭಾಗದಲ್ಲಿ ಗೂನು, ಉಬ್ಬಿದ ಹೊಟ್ಟೆ, ಕಲಿತದ್ದನ್ನು ಮರೆಯುವುದು: ಇವುಗಳಲ್ಲಿ ಮೂರು ನಾಲ್ಕು ಒಂದೇ ಮಗುವಿನಲ್ಲಿ ಕಂಡರೆ ದಡ್ಡನೆಂದು ಬರೆದುಕೊಳ್ಳುವ ಮುನ್ನ ಶಾಲೆಗೆ ಬರುವ ಆರೋಗ್ಯ ತಂಡಕ್ಕೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆ, ಅಂಗನವಾಡಿಗಳಿಗೆ ಬರುವುದು ಇದಕ್ಕಾಗಿಯೇ.

ಬೆಲ್ಲದ ಅಂಗಡಿಯವರ ಚೀಲ ಈಗ ನಮ್ಮ ಕಚೇರಿಯ ಬೀರುವಿನಲ್ಲಿದೆ. ಹುಡುಗನ ತಾಯಿಯ ತಂಗಿಗೆ ಈ ವೈಶಾಖದಲ್ಲಿ ಮದುವೆ. ಆಕೆಯೂ ದೋಷ ಹೊತ್ತಿರುವರೋ ಎಂದು ನೋಡುವ ಪರೀಕ್ಷೆಗೆ ಚೀಲದೊಳಗಿನ ಒಂದು ವರದಿ ಬೇಕಾಗಿದೆಯಂತೆ. ಮೊನ್ನೆ ಅಕ್ಕತಂಗಿಯರಿಬ್ಬರೂ ಬಂದು ಅದನ್ನು ತೆಗೆದುಕೊಂಡು ಹೋದರು. ವರನ ಕಡೆಯವರಿಗೆ ಎಲ್ಲವನ್ನೂ ಮೊದಲೇ ತಿಳಿಸಿದ್ದಾರೆ. ಬೆಂಗಳೂರಿನ ಬಸ್ಸಿಗೆ ಮೂರು ಟಿಕೇಟು ಮಾಡಿಸಿದ್ದೇವೆ, ವರನೂ ಜೊತೆಯಲ್ಲಿ ಬರುತ್ತಾರೆ ಎಂದು ಅಕ್ಕ ಹೇಳಿದರು.